ಹಬ್ಬ ಹತ್ತಿರವಾದಷ್ಟೂ ಹೊಟ್ಟೆಯಲ್ಲಿ ಸಂಕಟ: ನನಗೊಬ್ಬಳಿಗೇ ಹೀಗೆಯೇ?

ಹೊಲಿಗೆಯವಳು, ನಿಟುವಳ್ಳಿ
ಡಿಸೆಂಬರ್ 4, ರಾತ್ರಿ 11.50

ಹೊಲಿಗೆ ಯಂತ್ರದ ಮುಂದೆ ಕುಳಿತೇ ಇದನ್ನು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಹನ್ನೊಂದು ರವಿಕೆ, ನಾಲ್ಕು ಫ್ರಾಕು, ಒಂದು ಬಿಳಿ ಗೌನು ಸರದಿ ಕಾಯುತ್ತಿವೆ. 16ಕ್ಕೆ ಧನುರ್ಮಾಸ ಹಿಡಿಯುತ್ತದೆ, ಅದರೊಳಗೆ ಮದುವೆಗಳೆಲ್ಲ ಮುಗಿಯಬೇಕು. ಮದುವೆಯ ರವಿಕೆಗಳು ಮುಗಿಯುವ ಮೊದಲೇ ನಮ್ಮವರ ಕ್ರಿಸ್‌ಮಸ್ ಬಟ್ಟೆ ಬಂದು ಕೂರುತ್ತದೆ. ಊರಿಗೆಲ್ಲ ಹೊಸ ಬಟ್ಟೆ ಹೊಲಿದುಕೊಟ್ಟ ನಾನು ಕಳೆದ ವರ್ಷ 24ರ ರಾತ್ರಿ ಹಳೆಯ ಸೀರೆಗೇ ಇಸ್ತ್ರಿ ಹಾಕಿಕೊಂಡು ಚರ್ಚಿನ ಬಲಿಪೂಜೆಗೆ ಓಡಿದೆ. ಗುರುಗಳು ಪ್ರಬೋಧನೆ ಹೇಳುವ ಹೊತ್ತಿಗೆ ನಿದ್ದೆ ಹೋಗಿದ್ದೆ. ಮಗಳು ಚಿವುಟಿ ಎಬ್ಬಿಸಿದಳು.

ಹೊಲಿಗೆ ಹೊಟ್ಟೆಪಾಡು, ಅದನ್ನು ದೂರುವುದಿಲ್ಲ. ನನ್ನನ್ನು ಅರೆಯುತ್ತಿರುವುದು ತಟ್ಟೆ. ದಾವಣಗೆರೆಯ ನಮ್ಮ ಬೀದಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಯುಗಾದಿಗೆ ಹೋಳಿಗೆ ಬರುತ್ತದೆ, ರಂಜಾನಿಗೆ ಸುರಕುಂಬ, ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ, ದೀಪಾವಳಿಗೆ ಕೇಳುವುದೇ ಬೇಡ. ವರ್ಷವಿಡೀ ಬಂದ ತಟ್ಟೆಗಳಿಗೆಲ್ಲ ನಾವು ಉತ್ತರ ಕೊಡುವುದು ಒಂದೇ ದಿನ. ಅತ್ತೆಯವರ ಕಾಲದಿಂದ ಇದಕ್ಕೊಂದು ನೋಟ್‌ಬುಕ್ ಇದೆ. ಯಾರ ಮನೆಯಿಂದ ಏನು, ಎಷ್ಟು ಎಂಬ ಲೆಕ್ಕ. ನಿನ್ನೆ ತೆಗೆದು ಎಣಿಸಿದೆ: 42 ಮನೆ. ಮನೆಗೆ ಆರು ಕರಜಿಕಾಯಿ ಎಂದರೂ 252. ಚಕ್ಕುಲಿ, ರವೆ ಉಂಡೆ, ಕೇಕು ಬೇರೆ.

ಕರಜಿಕಾಯಿ ಮಾಡಿದವರಿಗೆ ಗೊತ್ತು. ಕಣಕ ಒಣಗದಂತೆ ಒದ್ದೆ ಬಟ್ಟೆ ಮುಚ್ಚಿಡಬೇಕು. ಹೂರಣ ಒಂದು ಚಮಚ ಹೆಚ್ಚಾದರೆ ಎಣ್ಣೆಯಲ್ಲಿ ಬಾಯಿ ಬಿಡುತ್ತದೆ. ಒಂದು ಬಾಯಿ ಬಿಟ್ಟರೆ ಸಕ್ಕರೆ ಕರಗಿ ಬಾಣಲೆಯೆಲ್ಲ ಕಪ್ಪು, ಆಮೇಲೆ ಹಾಕಿದ್ದಕ್ಕೆಲ್ಲ ಸುಟ್ಟ ವಾಸನೆ. ಹೋದ ವರ್ಷ ರಾತ್ರಿ ಎರಡು ಗಂಟೆಗೆ ಹಾಗೆಯೇ ಆಯಿತು. ಬಾಣಲೆ ಇಳಿಸಿ ಅಲ್ಲಿಯೇ ನೆಲದ ಮೇಲೆ ಕುಳಿತು ಅತ್ತುಬಿಟ್ಟೆ. ಮನೆಯವರು ಎದ್ದು ಬಂದು, ಎಣ್ಣೆ ಸಿಡಿಯಿತೇ ಎಂದು ಕೇಳಿದರು. ಹೌದು ಎಂದೆ.

ಕಳೆದ ಭಾನುವಾರ ಚರ್ಚಿನಲ್ಲಿ ಆಗಮನ ಕಾಲದ, ಅಂದರೆ ಕ್ರಿಸ್‌ಮಸ್‌ಗೆ ಕಾಯುವ ನಾಲ್ಕು ವಾರದ, ಮೊದಲ ನೇರಳೆ ಮೇಣದ ಬತ್ತಿ ಹಚ್ಚಿದರು. ಪ್ರಭುವೇ ಬಾ ಎಂದು ಎಲ್ಲರೂ ಬೇಡಿಕೊಂಡರು. ನಾನು ಮನಸ್ಸಿನಲ್ಲೇ ಬೇಡಿಕೊಂಡದ್ದು, ದೇವರೇ, ಈ ವರ್ಷ ಸ್ವಲ್ಪ ತಡವಾಗಿ ಬಾ ಎಂದು. ಇದು ಪಾಪವೇ? ಗುರುಗಳ ಬಳಿ ಕೇಳಲು ನಾಚಿಕೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಲೆಕ್ಕದ ಹುಡುಗ, ಮಂಡಿಪೇಟೆ
ಡಿಸೆಂಬರ್ 5, ಬೆಳಿಗ್ಗೆ 7.15

ಅಕ್ಕಾ, ಕರಜಿಕಾಯಿ ಅಂಗಡಿಯಿಂದ ತರಿಸಿ. ಅಲ್ಲಿಗೆ ಮುಗಿಯಿತು.

ಹೊಲಿಗೆಯವಳು, ನಿಟುವಳ್ಳಿ
ಡಿಸೆಂಬರ್ 5, ಬೆಳಿಗ್ಗೆ 7.40

ತಮ್ಮಾ, 42 ಮನೆಗೆ ಅಂಗಡಿಯಿಂದ ತಂದರೆ ಎಷ್ಟಾಗುತ್ತದೆ ಎಂದು ನೀನೇ ಲೆಕ್ಕ ಹಾಕು, ಹೆಸರಿನಲ್ಲೇ ಲೆಕ್ಕ ಇಟ್ಟುಕೊಂಡಿದ್ದೀಯ. ಅದೂ ಅಲ್ಲದೆ, ಕೈಯಾರೆ ಮಾಡಿದ ಹೋಳಿಗೆ ಕೊಟ್ಟವರಿಗೆ ಪೊಟ್ಟಣ ಬಿಚ್ಚಿ ಕೊಡಲು ಕೈ ಬರುವುದಿಲ್ಲ.

ಜೀವಜಲ
ಡಿಸೆಂಬರ್ 5, ಬೆಳಿಗ್ಗೆ 9.05

ಸಹೋದರಿ, ನೊಂದುಕೊಳ್ಳಬೇಡಿ, ಆದರೆ ಸತ್ಯ ಹೇಳಲೇಬೇಕು. ದುಗುಡ ಬರುವುದು ಪ್ರಾರ್ಥನೆ ಕಡಿಮೆಯಾದಾಗ. ಯಾವ ವಿಷಯದಲ್ಲಿಯೂ ಚಿಂತೆ ಮಾಡದೆ ಎಲ್ಲವನ್ನೂ ಪ್ರಾರ್ಥನೆಯಲ್ಲಿ ದೇವರಿಗೆ ತಿಳಿಸಿ ಎಂದು ಬೈಬಲಿನಲ್ಲಿ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಸ್ಪಷ್ಟವಾಗಿದೆ. ನಾನು ದಿನವೂ ನಸುಕಿನ ನಾಲ್ಕಕ್ಕೆ ಎದ್ದು ಒಂದು ತಾಸು ಮೊಣಕಾಲೂರುತ್ತೇನೆ. ನೀವೂ ಮಾಡಿ ನೋಡಿ. ತಟ್ಟೆ, ಬಟ್ಟೆ ಎಲ್ಲ ಲೋಕದ ವಿಷಯ.

ದುರ್ಗದ ಮೇಷ್ಟ್ರು
ಡಿಸೆಂಬರ್ 5, ಸಂಜೆ 6.30

ಸಂಜೆಯ ನಡಿಗೆ ಮುಗಿಸಿ ಬಂದು ಓದಿದೆ. ಇಲ್ಲಿ ಚಿತ್ರದುರ್ಗದಲ್ಲಿ ಜೋಗಿಮಟ್ಟಿಯ ಕಡೆಯಿಂದ ಬೀಸುವ ಗಾಳಿಗೆ ಕಿವಿಗೆ ಮಫ್ಲರ್ ಸುತ್ತಿಕೊಂಡೇ ತಿರುಗಬೇಕು. ಜೀವಜಲ ಅವರ ಮಾತು ಓದಿದ ಮೇಲೆ ಮಫ್ಲರ್ ಬಿಚ್ಚಿ ಕುಳಿತೆ.

ಸ್ವಾಮೀ, ರಾತ್ರಿ ಹನ್ನೆರಡಕ್ಕೆ ಯಂತ್ರ ತುಳಿಯುವ ಹೆಣ್ಣುಮಗಳಿಗೆ ನಾಲ್ಕಕ್ಕೆ ಏಳು ಎನ್ನುತ್ತೀರಲ್ಲ, ಮಧ್ಯೆ ಉಳಿಯುವುದು ಎಷ್ಟು ತಾಸು? ನಸುಕಿನಲ್ಲಿ ಎದ್ದು, ತಡವಾಗಿ ಮಲಗಿ, ಕಷ್ಟದ ಅನ್ನ ಉಣ್ಣುವುದು ವ್ಯರ್ಥ ಎಂದು 127ನೇ ಕೀರ್ತನೆ ಹೇಳುತ್ತದೆ. ನಿದ್ದೆಯನ್ನು ಅಲ್ಲಿ ದೇವರು ತನ್ನ ಪ್ರಿಯರಿಗೆ ಕೊಡುವ ವರದ ಲೆಕ್ಕದಲ್ಲಿ ಹಿಡಿದಿದೆ.

ಫಿಲಿಪ್ಪಿಯ ಪತ್ರವನ್ನು ನೀವು 4ನೇ ಅಧ್ಯಾಯದಿಂದ ತೆರೆದಿರಿ. ಎರಡನೆಯದನ್ನೂ ಓದಬೇಕು. ಪೌಲ ಬೇಡಿಯಲ್ಲಿದ್ದಾನೆ. ಅವನಿಗೆ ನೆರವಾಗಲು ಬಂದ ಎಪಫ್ರೊದೀತ ಕಾಯಿಲೆ ಬಿದ್ದು ಸಾವಿನ ಬಾಗಿಲಿಗೆ ಹೋಗಿ ಬಂದಿದ್ದಾನೆ. ಅವನು ಸತ್ತಿದ್ದರೆ ನನಗೆ ದುಃಖದ ಮೇಲೆ ದುಃಖವಾಗುತ್ತಿತ್ತು ಎಂದು ಪೌಲನೇ ಒಪ್ಪಿಕೊಳ್ಳುತ್ತಾನೆ. ದುಃಖವನ್ನು ಮುಚ್ಚಿಡದ ಮನುಷ್ಯ ಚಿಂತೆ ಬಿಡಿ ಎಂದರೆ ಅದು ಜೊತೆಗಾರನ ಮಾತು. ಅದನ್ನೇ ಕಿತ್ತು ಇನ್ನೊಬ್ಬರ ಬೆನ್ನಿಗೆ ಬಾರಿಸಿದರೆ ಬಾರುಕೋಲು.

ತಂಗೀ, ನೀನು ಕೇಳಿದ್ದು ಪಾಪವೇ ಎಂದು. ಬೈಬಲಿನ ಒಂದನೇ ಅರಸುಗಳ ಪುಸ್ತಕದ 19ನೇ ಅಧ್ಯಾಯವನ್ನು ತರಗತಿಯಲ್ಲಿ ಕಥೆಯಂತೆ ಹೇಳುತ್ತಿದ್ದೆ, ಇಲ್ಲಿಯೂ ಹೇಳುತ್ತೇನೆ. ಪ್ರವಾದಿ ಎಲೀಯ ಕರ್ಮೆಲ್ ಬೆಟ್ಟದ ಮೇಲೆ ದೊಡ್ಡ ಗೆಲುವು ಕಂಡ ಬೆನ್ನಿಗೇ ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಓಡುತ್ತಾನೆ. ಒಂದು ದಿನದ ದಾರಿ ಅಡವಿಯೊಳಗೆ ನಡೆದು ಒಂದು ಗಿಡದ ಕೆಳಗೆ ಕೂರುತ್ತಾನೆ. ನನ್ನ ಕಣ್ಣಿಗೆ ಅದು ಹಿರಿಯೂರು ದಾರಿಯ ಜಾಲಿಗಿಡದ ಹಾಗೆಯೇ ಕಾಣುತ್ತದೆ: ನೆರಳು ಇದೆ ಎನ್ನಬೇಕು, ಅಷ್ಟೇ. ಅಲ್ಲಿ ಕುಳಿತು, ಸಾಕು ದೇವರೇ, ನನ್ನ ಪ್ರಾಣ ತೆಗೆದುಕೋ ಎಂದು ಬೇಡಿ ಮಲಗಿಬಿಡುತ್ತಾನೆ. ದೇವರು ಬೈಯುವುದಿಲ್ಲ, ಉಪದೇಶ ಮಾಡುವುದಿಲ್ಲ. ದೂತನೊಬ್ಬ ಮುಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಎನ್ನುತ್ತಾನೆ. ನೋಡಿದರೆ ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗುತ್ತಾನೆ. ದೂತ ಎರಡನೆಯ ಸಲ ಬಂದು, ದಾರಿ ದೂರ ಇದೆ, ಊಟ ಮಾಡು ಎನ್ನುತ್ತಾನೆ. ಎರಡು ಊಟ, ಎರಡು ನಿದ್ದೆ. ಮಾತುಕತೆ ಏನಿದ್ದರೂ ಆಮೇಲೆ, ಹೋರೇಬ್ ಬೆಟ್ಟದ ಮೇಲೆ, ಅದೂ ಮೆಲುದನಿಯಲ್ಲಿ.

ಸಾಯುತ್ತೇನೆ ಎಂದವನಿಗೇ ಆ ದೇವರು ರೊಟ್ಟಿ ಸುಟ್ಟುಕೊಟ್ಟ. ತಡವಾಗಿ ಬಾ ಎಂದದ್ದಕ್ಕೆ ಮುನಿಯುತ್ತಾನೆಯೇ? ಇವತ್ತು ರವಿಕೆ ಬಿಟ್ಟು ಮಲಗು.

ರಾತ್ರಿಪಾಳಿ
ಡಿಸೆಂಬರ್ 6, ಬೆಳಿಗ್ಗೆ 8.20

ನಾನು ನರ್ಸ್, ಪಾಳಿ ಮುಗಿಸಿ ಬಂದು ಬರೆಯುತ್ತಿದ್ದೇನೆ. ಮೇಷ್ಟ್ರ ಮಾತಿಗೆ ನನ್ನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಅಕ್ಕಾ, ಮೂರು ಪ್ರಶ್ನೆ. ಹಬ್ಬದ ಕೆಲಸ ಇಲ್ಲದ ದಿನವೂ ಹೀಗೆಯೇ ಅನ್ನಿಸುತ್ತದೆಯೇ? ಎರಡು ವಾರಕ್ಕಿಂತ ಹೆಚ್ಚು ಕಾಲ, ಹೆಚ್ಚುಕಡಿಮೆ ದಿನವಿಡೀ ಮನಸ್ಸು ಕುಸಿದೇ ಇದೆಯೇ? ಮೊದಲು ಇಷ್ಟವಾಗುತ್ತಿದ್ದುದು ಈಗ ರುಚಿಸುತ್ತಿಲ್ಲವೇ? ಬದುಕುವುದೇ ಬೇಡ ಎಂಬ ಯೋಚನೆ ಒಮ್ಮೆ ಬಂದಿದ್ದರೂ ಅದನ್ನು ನಾಲ್ಕನೆಯ ಪ್ರಶ್ನೆ ಎಂದುಕೊಳ್ಳಿ, ಅದಕ್ಕೆ ಎರಡು ವಾರ ಕಾಯಬಾರದು. ಇವಕ್ಕೆ ಹೌದು ಎಂದಾದರೆ ಅದು ಬರೀ ಹಬ್ಬದ ದಣಿವಲ್ಲದೆ, ಚಿಕಿತ್ಸೆ ಇರುವ ಕಾಯಿಲೆಯಾಗಿರಬಹುದು. ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ 2022ರ ಅಕ್ಟೋಬರಿನಿಂದ ಇದೆ. 14416ಕ್ಕೆ ಕರೆ ಮಾಡಿದರೆ ದಿನದ ಯಾವ ಹೊತ್ತಿನಲ್ಲಿಯೂ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಿಲ್ಲ. ಜಿಲ್ಲೆ ಜಿಲ್ಲೆಗೂ ಮಾನಸಿಕ ಆರೋಗ್ಯ ಕಾರ್ಯಕ್ರಮ ಬರುವುದಕ್ಕೆ ಮಾದರಿಯಾದದ್ದು ನಮ್ಮ ಪಕ್ಕದ ಬಳ್ಳಾರಿಯೇ. ಆದರೂ ಜನ ವೈದ್ಯರ ಬಳಿ ಹೋಗಲು ಹಿಂಜರಿಯುತ್ತಾರೆ, ಭೂತ ಬಿಡಿಸುವವರ ಬಳಿಗಾದರೆ ಓಡುತ್ತಾರೆ.

ಉಳಿದದ್ದು ಬರೀ ದಣಿವಾದರೆ: ಡಿಸೆಂಬರಿನಲ್ಲಿ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಮರೆತು ಆಸ್ಪತ್ರೆಗೆ ಬರುವ ಹೆಂಗಸರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಊರಿಗೆಲ್ಲ ಉಂಡೆ ಕಟ್ಟಿ ತಾವು ಬೆಳಗಿನಿಂದ ಬರೀ ಚಹಾ ಕುಡಿದಿರುತ್ತಾರೆ. ದಯವಿಟ್ಟು ಊಟದ ಹೊತ್ತಿಗೆ ಊಟ ಮಾಡಿ. ಇದಕ್ಕಿಂತ ದೊಡ್ಡ ಸಲಹೆ ನನ್ನ ಬಳಿ ಇಲ್ಲ.

ಹೊಲಿಗೆಯವಳು, ನಿಟುವಳ್ಳಿ
ಡಿಸೆಂಬರ್ 6, ಮಧ್ಯಾಹ್ನ 2.10

ಮೊದಲ ಪ್ರಶ್ನೆಗೆ ಇಲ್ಲ. ಜನವರಿ ಎರಡನೇ ವಾರಕ್ಕೆ ನಾನು ಸರಿಯಾಗಿರುತ್ತೇನೆ. ಉಳಿದವಕ್ಕೂ ಇಲ್ಲ. ಚಹಾದ ಮಾತು ಮಾತ್ರ ನಿಮಗೆ ಹೇಗೆ ಗೊತ್ತಾಯಿತು? ಇದನ್ನು ಬರೆಯುವಾಗ ಐದನೆಯ ಲೋಟ ಕೈಯಲ್ಲಿದೆ.

ಉಪದೇಶಿ, ಹರಿಹರ
ಡಿಸೆಂಬರ್ 7, ಬೆಳಿಗ್ಗೆ 10.00

ಮೂವತ್ತು ವರ್ಷದಿಂದ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿರುವವನು. ಸೆಪ್ಟೆಂಬರ್ 8ರ ನಮ್ಮ ಆರೋಗ್ಯಮಾತೆಯ ಹಬ್ಬದಲ್ಲಿ ಹರಿಹರಕ್ಕೆ ಬರುವ ಜನಸಾಗರ ಸಂಭಾಳಿಸಿ ಗೊತ್ತು, ಹಾಗಾಗಿ ಹಬ್ಬದ ಹೈರಾಣ ನನಗೂ ಅಪರಿಚಿತವಲ್ಲ.

ಕ್ಯಾಲೆಂಡರಿನ ಒಂದು ವಿಷಯ ಹೇಳುತ್ತೇನೆ. ಆಗಮನ ಕಾಲ ಹಿಂದೆ ಉಪವಾಸದ ಕಾಲವಾಗಿತ್ತು. ಗುರುಗಳ ಮೇಲಂಗಿ ನೇರಳೆಯಾಗಿರುವುದು ಅದಕ್ಕೇ, ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿಯೂ ಅದೇ ಬಣ್ಣ. ಉಪವಾಸದ ನಾಲ್ಕು ವಾರವನ್ನು ನಾವು ಬಾಣಲೆಯ ನಾಲ್ಕು ವಾರ ಮಾಡಿಕೊಂಡಿದ್ದೇವೆ. ಇನ್ನು ಕ್ರಿಸ್‌ಮಸ್ ಕಾಲ ಶುರುವಾಗುವುದೇ 24ರ ಸಂಜೆ. 25 ಮೊದಲ ದಿನ, ಎಂಟನೆಯ ದಿನ ಜನವರಿ 1. ಮಗು ಯೇಸುವನ್ನು ಕಾಣಲು ಬಂದ ಮೂರು ರಾಯರ ಹಬ್ಬದ ಹಳೆಯ ತೇದಿ ಜನವರಿ 6. ನಾವು ಏನು ಮಾಡುತ್ತೇವೆ? ಡಿಸೆಂಬರ್ 1ರಿಂದ ಹಬ್ಬ ಮಾಡಿ, 26ಕ್ಕೆ ನಕ್ಷತ್ರ ಬಿಚ್ಚಿ ಅಟ್ಟಕ್ಕೆ ಹಾಕಿ, ಮೈಕೈ ನೋವಿನ ಮಾತ್ರೆ ನುಂಗಿ ಮಲಗುತ್ತೇವೆ.

42 ತಟ್ಟೆ 25ನೇ ತಾರೀಖೇ ಹೋಗಬೇಕೆಂದು ಧರ್ಮಸಭೆ ಎಲ್ಲಿಯೂ ಹೇಳಿಲ್ಲ. 25ರಿಂದ 6ರವರೆಗೆ ಎಣಿಸಿ, ಹದಿಮೂರು ದಿನ. ದಿನಕ್ಕೆ ಮೂರು, ನಾಲ್ಕು ಮನೆ. ಬಿಸಿಬಿಸಿ ಕರಜಿಕಾಯಿ ಕೊಟ್ಟ ಹಾಗಾಯಿತು, ಕೊಟ್ಟ ಮನೆಯಲ್ಲಿ ಹತ್ತು ನಿಮಿಷ ಕುಳಿತು ಮಾತನಾಡಿದ ಹಾಗೂ ಆಯಿತು.

ಶಿಷ್ಯರೊಂದಿಗೆ ಯೇಸು ಮನೆಗೆ ಬಂದಾಗ ಅಡುಗೆಯ ಗಡಿಬಿಡಿಗೆ ಬಿದ್ದ ಮಾರ್ಥಳ ಕಥೆ ಹೇಳಿ ಮುಗಿಸುವುದು ಉಪದೇಶಿಗಳ ಅಭ್ಯಾಸ. ನಾನು ಅದನ್ನು ಬಿಟ್ಟಿದ್ದೇನೆ. ಒಮ್ಮೆ ಹೇಳಿದಾಗ ನನ್ನ ಹೆಂಡತಿ, ಮಾರ್ಥ ಅಡುಗೆ ಮಾಡದಿದ್ದರೆ ಹದಿಮೂರು ಜನ ಅವತ್ತು ಏನು ತಿನ್ನುತ್ತಿದ್ದರು ಎಂದು ಕೇಳಿದಳು. ಉತ್ತರ ಇನ್ನೂ ಹುಡುಕುತ್ತಿದ್ದೇನೆ. ಗಮನಿಸಿ ನೋಡಿದರೆ ಯೇಸು ಅವಳ ಅಡುಗೆಯನ್ನು ಜರಿಯಲಿಲ್ಲ, ಅವಳ ಗಡಿಬಿಡಿಯನ್ನು ಹೆಸರು ಹಿಡಿದು ಎರಡು ಸಲ ಕರೆದು ಹೇಳಿದ, ಅಷ್ಟೇ.

ಲೆಕ್ಕದ ಹುಡುಗ, ಮಂಡಿಪೇಟೆ
ಡಿಸೆಂಬರ್ 7, ರಾತ್ರಿ 10.45

ಮೊದಲ ದಿನ ಒಂದು ಸಾಲಿನಲ್ಲಿ ತಮಾಷೆ ಮಾಡಿದ್ದು ನನಗೇ ಸರಿಕಾಣಲಿಲ್ಲ. ಈಗ ಮೆಕ್ಕೆಜೋಳದ ಸುಗ್ಗಿ, ರಾತ್ರಿ ಒಂಬತ್ತರವರೆಗೂ ತೂಕದ ಚೀಟಿ ಬರೆಯುತ್ತೇನೆ. ನನ್ನದು ತಟ್ಟೆಯ ಕಷ್ಟವಲ್ಲ, ಕಂತಿನ ಕಷ್ಟ.

ಕಳೆದ ವರ್ಷ ಹಬ್ಬಕ್ಕೆ 30,000 ರೂಪಾಯಿ ಸಾಲ ಮಾಡಿದೆ. ಎಂಟು ಜನರಿಗೆ ಬಟ್ಟೆ, ಅಕ್ಕನಿಗೆ ತವರಿನ ಸೀರೆ, ಭಾವನಿಗೆ ಪ್ಯಾಂಟು, ಮಟನ್ನು, ಕೇಕು, ಮನೆಯ ಮುಂದೆ ಮಿನುಗುವ ದೀಪ. ಸಾಲ ಕೊಟ್ಟವರು ವಾರಕ್ಕೆ 700ರಂತೆ ಐವತ್ತು ವಾರ ಎಂದರು. ಪ್ರತಿ ಮಂಗಳವಾರ ಬೆಳಿಗ್ಗೆ ಏಳಕ್ಕೆ ಬೈಕು ಬಂದು ನಿಲ್ಲುತ್ತಿತ್ತು. ಒಂದು ವಾರ ತಪ್ಪಿದಾಗ ಅಮ್ಮನ ಎದುರು ಗಟ್ಟಿ ದನಿಯಲ್ಲಿ ಕೇಳಿದರು. ಅಕ್ಕಪಕ್ಕದ ಮನೆಯ ಕಿಟಕಿಗಳು ತೆರೆದುಕೊಂಡವು. ದೀಪ ಫೆಬ್ರವರಿಯಲ್ಲೇ ಕೆಟ್ಟಿತು, ಕಂತು ಮುಗಿದದ್ದು ಹೋದ ವಾರ. ಹಬ್ಬ ಒಂದು ದಿನ, ಮಂಗಳವಾರ ಐವತ್ತು.

ಈ ಸಲ ಭಾನುವಾರ ಊಟಕ್ಕೆ ಕುಳಿತಾಗ ಕಾಗದ ಹಿಡಿದು ಎಲ್ಲರೆದುರು ಓದಿದೆ: ಕೈಯಲ್ಲಿರುವುದು 9,000. ಮಕ್ಕಳಿಬ್ಬರಿಗೆ ಬಟ್ಟೆ, ದೊಡ್ಡವರಿಗೆ ಇಲ್ಲ. ಅಪ್ಪ ಹಮಾಲಿ ಮಾಡಿ ನಮ್ಮನ್ನು ಓದಿಸಿದವರು, ಏನೂ ಅನ್ನಲಿಲ್ಲ. ಅನ್ನಕ್ಕೆ ಸಾರು ಬಡಿಸಿಕೊಂಡರು. ಆ ಮೌನ ಬೈಗುಳಕ್ಕಿಂತ ಭಾರ. ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಸೀರೆ ಬೇಡ ಬಿಡು ಎಂದಳು, ಆದರೆ ಎಂದಿನಂತೆ ಇನ್ನೇನು ಸಮಾಚಾರ ಎಂದು ಕೇಳದೆ ಫೋನ್ ಇಟ್ಟಳು. ಮೇಷ್ಟ್ರೇ, ಇದಕ್ಕೆ ಯಾವ ಅಧ್ಯಾಯ?

ದುರ್ಗದ ಮೇಷ್ಟ್ರು
ಡಿಸೆಂಬರ್ 8, ಮಧ್ಯಾಹ್ನ 12.30

ಆರಾಧನೆ ಮುಗಿಸಿ ಬಂದೆ. ಮತ್ತಾಯ 6ರ ಕೊನೆಯ ವಚನ, ನಮ್ಮ ಹಳೆಯ ಕನ್ನಡ ಸತ್ಯವೇದದಲ್ಲಿ: ಆ ಹೊತ್ತಿನ ಕಾಟ ಆ ಹೊತ್ತಿಗೆ ಸಾಕು. ಕಾಟ ಇಲ್ಲ ಎನ್ನಲಿಲ್ಲ ನೋಡು. ಈ ವರ್ಷದ ಕಾಟ ಅಕ್ಕನ ಮುನಿಸು, ಮುಂದಿನ ವರ್ಷಕ್ಕೆ ಮಂಗಳವಾರಗಳನ್ನು ದಾಟಿಸಲಿಲ್ಲ. ಹಬ್ಬದ ದಿನ ಅಕ್ಕನ ಮನೆಗೆ ನೀನೇ ಹೋಗಿ ಬಾ. ಬರಿಗೈಯಲ್ಲಿ ಬೇಡ, ನಿಮ್ಮೂರಿನ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಹೋಗು. ಇದು ಸತ್ಯವೇದದಲ್ಲಿಲ್ಲ, ನನ್ನ ಅನುಭವ.

ವಿನೋಬನಗರದವನು
ಡಿಸೆಂಬರ್ 11, ರಾತ್ರಿ 9.15

ನನ್ನದು ದಣಿವಲ್ಲ, ಸಾಲವಲ್ಲ. ಆದರೂ ಇಲ್ಲಿಯೇ ಬರೆಯುತ್ತೇನೆ.

ನನ್ನ ಹೆಂಡತಿ ಆಗಸ್ಟಿನಲ್ಲಿ ತೀರಿಕೊಂಡಳು. ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುವುದು ಅವಳ ಕೆಲಸ. ಡಿಸೆಂಬರ್ 12ಕ್ಕೆ ತೆಂಗಿನ ಚಿಪ್ಪುಗಳಲ್ಲಿ ಮಣ್ಣು ತುಂಬಿ ರಾಗಿ ಬಿತ್ತುತ್ತಿದ್ದಳು. ಮೊದಲ ಮೂರು ದಿನ ಕತ್ತಲಲ್ಲಿ, ಮಂಚದ ಕೆಳಗೆ. ಮೊಳಕೆ ಕಂಡ ಮೇಲೆ ಕಿಟಕಿಗೆ. 24ಕ್ಕೆ ಬೆರಳುದ್ದ ಹಸುರು ಬಂದಿರುತ್ತಿತ್ತು, ಅದನ್ನು ಕುರಿ, ಕುರುಬರ ಬೊಂಬೆಗಳ ಸುತ್ತ ಇಡುತ್ತಿದ್ದಳು. ನಾಳೆ 12. ಚಿಪ್ಪುಗಳನ್ನು ಅವಳು ಹೋದ ವರ್ಷವೇ ತೊಳೆದು ಒಂದರೊಳಗೊಂದು ಜೋಡಿಸಿ ಇಟ್ಟಿದ್ದಾಳೆ. ಇವತ್ತು ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಸಿಕ್ಕವು. ಕೆಳಗಿಳಿಸಲು ಆಗಲಿಲ್ಲ.

ಮನೆಮನೆಗೆ ಬಂದು ಕ್ರಿಸ್‌ಮಸ್ ಹಾಡು ಹಾಡುವ ಕ್ಯಾರಲ್ ತಂಡದವರು 18ಕ್ಕೆ ನಮ್ಮ ಬೀದಿಗೆ ಬರುತ್ತಾರಂತೆ. ಡೋಲು, ಸಾಂತಾ ವೇಷ, ಕುಣಿತ. ಬರಬೇಡಿ ಎಂದರೆ ಹಬ್ಬಕ್ಕೆ ಅವಮಾನವೇ?

ಜೀವಜಲ
ಡಿಸೆಂಬರ್ 11, ರಾತ್ರಿ 9.40

ಅಣ್ಣಾ, ಅವರು ಪ್ರಭುವಿನ ಬಳಿ ಇದ್ದಾರೆ. ಸಂತೋಷಪಡಬೇಕು.

ರಾತ್ರಿಪಾಳಿ
ಡಿಸೆಂಬರ್ 11, ರಾತ್ರಿ 9.52

ಜೀವಜಲ ಅವರೇ, ಸತ್ತ ಗೆಳೆಯ ಲಾಜರನ ಗೋರಿಗೆ ಹೋಗುವಾಗ ಯೇಸು ಅತ್ತರು. ಎಬ್ಬಿಸುತ್ತೇನೆ ಎಂದು ಗೊತ್ತಿದ್ದೂ ಅತ್ತರು. ನಾಲ್ಕು ತಿಂಗಳಾಗಿದೆ, ಅಣ್ಣನವರನ್ನು ಸುಮ್ಮನೆ ಬಿಡಿ.

ಡೋಲಕ್
ಡಿಸೆಂಬರ್ 12, ಬೆಳಿಗ್ಗೆ 6.50

ಅಂಕಲ್, ನಾನು ಕ್ಯಾರಲ್ ತಂಡದಲ್ಲಿದ್ದೇನೆ. ನಿಮ್ಮ ಮನೆ ಯಾವುದೆಂದು ಗೊತ್ತಾಯಿತು, ಆಂಟಿ ನಮಗೆ ಪ್ರತಿ ವರ್ಷ ಶುಂಠಿ ಕಾಫಿ ಕೊಡುತ್ತಿದ್ದರು. ಬರಬೇಡಿ ಎಂದರೆ ಬರುವುದಿಲ್ಲ, ಯಾರೂ ತಪ್ಪು ತಿಳಿಯುವುದಿಲ್ಲ. ಬರಬಹುದು ಎಂದರೆ ಡೋಲು ತಿರುವಿನಲ್ಲೇ ನಿಲ್ಲಿಸುತ್ತೇವೆ. ವೇಷದವನು ಗೇಟಿನ ಒಳಗೆ ಬರುವುದಿಲ್ಲ. ಒಂದೇ ಹಾಡು, ಮೆಲ್ಲಗೆ. ನೀವು ಬಾಗಿಲು ತೆರೆಯಬೇಕೆಂದೂ ಇಲ್ಲ. ವರಾಂಡದ ದೀಪ ಹೊತ್ತಿಸಿದ್ದರೆ ಬರುತ್ತೇವೆ, ಆರಿಸಿದ್ದರೆ ಮುಂದಕ್ಕೆ ಹೋಗುತ್ತೇವೆ.

ಎದುರುಮನೆ, ವಿದ್ಯಾನಗರ
ಡಿಸೆಂಬರ್ 12, ಮಧ್ಯಾಹ್ನ 3.00

ನಾನು ಕ್ರೈಸ್ತಳಲ್ಲ, ನಮ್ಮದು ಲಿಂಗಾಯತರ ಮನೆ. ತಟ್ಟೆಯ ಮಾತು ಬಂತೆಂದು ಗೆಳತಿ ಇದನ್ನು ಕಳುಹಿಸಿದಳು. ಓದಿ ನಗು ಬಂತು, ಆಮೇಲೆ ನಗು ನಿಂತಿತು. ಅಕ್ಕಾ, ನಮ್ಮ ಮನೆಯಲ್ಲಿಯೂ ಅಂಥದ್ದೇ ನೋಟ್‌ಬುಕ್ ಇದೆ! ದೀಪಾವಳಿಗೆ ನಾನೂ ಹೀಗೆಯೇ ಹೈರಾಣಾಗುತ್ತೇನೆ. ಖಾಲಿ ಡಬ್ಬಿ ಹಿಂದಿರುಗಿಸಬಾರದೆಂದು ಒಬ್ಬರ ಡಬ್ಬಿಯಲ್ಲಿ ಇನ್ನೊಬ್ಬರ ಚಕ್ಕುಲಿ ಹಾಕಿ ಕಳುಹಿಸಿದ್ದೂ ಉಂಟು.

ಇನ್ನೊಂದು ನಿಜ ಹೇಳಲೇ? ಮನೆಯಲ್ಲಿ ಇಬ್ಬರಿಗೆ ಸಕ್ಕರೆ ಕಾಯಿಲೆ. ಬಂದ ಸಿಹಿಯಲ್ಲಿ ಅರ್ಧ ಕೆಲಸದವಳ ಮನೆಗೆ ಹೋಗುತ್ತದೆ. ನಮಗೆ ಬೇಕಾಗಿರುವುದು ನೀವು ಬಾಗಿಲಿಗೆ ಬರುವುದು. ಎರಡೇ ಕರಜಿಕಾಯಿ ಸಾಕು.

ಹೊಲಿಗೆಯವಳು, ನಿಟುವಳ್ಳಿ
ಡಿಸೆಂಬರ್ 13, ರಾತ್ರಿ 9.30

ಎದುರುಮನೆಯ ತಂಗೀ, ರಾತ್ರಿ ಎರಡು ಗಂಟೆಯವರೆಗೆ ಕರಿದದ್ದು ಕೆಲಸದವಳ ಮನೆಗೆ ಹೋಗುತ್ತದೆ ಎಂದು ಓದಿ ಒಂದು ಕ್ಷಣ ಸಿಟ್ಟು ಬಂತು. ಮನೆಯವರಿಗೆ ಓದಿ ಹೇಳಿದೆ. ಅವರು ಜೋರಾಗಿ ನಕ್ಕು, ನಾವು ಬಂದ ಹೋಳಿಗೆ ಏನು ಮಾಡುತ್ತೇವೆ ಎಂದು ಕೇಳಿದರು. ಸುಮ್ಮನಾದೆ. ಮೂರನೆಯ ದಿನ ಅದು ಹಸುವಿಗೆ ಹೋಗುತ್ತದೆ.

ತೀರ್ಮಾನ ಬರೆಯುತ್ತೇನೆ, ಬರೆದರೆ ಮಾತ್ರ ನಿಲ್ಲುತ್ತೇನೆ. ಮನೆಗೆ ಆರರ ಬದಲು ಎರಡು. 25ಕ್ಕೆ ಅಕ್ಕಪಕ್ಕದ ಒಂಬತ್ತು ಮನೆ, ಉಳಿದವು ಉಪದೇಶಿಗಳ ಲೆಕ್ಕದಂತೆ 6ರವರೆಗೆ. 18ರ ಮೇಲೆ ಬಂದ ಬಟ್ಟೆ ಜನವರಿಗೆ ಎಂದು ಬಾಗಿಲಿಗೆ ಚೀಟಿ ಅಂಟಿಸಿದೆ. ಮೊದಲ ದಿನವೇ ಹಳೆಯ ಗಿರಾಕಿಯೊಬ್ಬರು ಜಗಳವಾಡಿ ಬಟ್ಟೆ ವಾಪಸು ಒಯ್ದರು. 600 ರೂಪಾಯಿ ಹೋಯಿತು. ಅದು ಇನ್ನೂ ಉರಿಯುತ್ತಿದೆ.

ಮನೆಯವರು ಲಟ್ಟಿಸಲು ಕೂರುತ್ತೇನೆ ಎಂದಿದ್ದಾರೆ. ನಿನ್ನೆ ಪರೀಕ್ಷೆಗೆ ನಾಲ್ಕು ಲಟ್ಟಿಸಿದರು, ಒಂದು ಕಡೆ ಹಪ್ಪಳ, ಇನ್ನೊಂದು ಕಡೆ ಚಪಾತಿ. ಅಂಚು ಕತ್ತರಿಸುವ ಚಕ್ರ ಅವರ ಕೈಗೆ ಕೊಟ್ಟಿದ್ದೇನೆ.

ಜೀವಜಲ
ಡಿಸೆಂಬರ್ 17, ನಸುಕು 4.20

ಯಾರೂ ಎದ್ದಿರುವುದಿಲ್ಲ ಎಂದು ಈಗ ಬರೆಯುತ್ತಿದ್ದೇನೆ. ನಾನು ನಾಲ್ಕಕ್ಕೆ ಏಳುವುದಲ್ಲ. ಮೂರಕ್ಕೇ ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಹತ್ತುವುದಿಲ್ಲ. ಎರಡು ವರ್ಷದಿಂದ ಹೀಗೆ. ಕೆಲಸ ಹೋದಾಗಿನಿಂದ. ಎಚ್ಚರವಾದ ಮೇಲೆ ಏನು ಮಾಡುವುದೆಂದು ತಿಳಿಯದೆ ಪ್ರಾರ್ಥನೆಗೆ ಕುಳಿತುಕೊಳ್ಳುತ್ತೇನೆ. ಸಭೆಯಲ್ಲಿ ಎಲ್ಲರೂ ನನ್ನನ್ನು ಪ್ರಾರ್ಥನಾವೀರ ಎನ್ನುತ್ತಾರೆ. ರಾತ್ರಿಪಾಳಿ ಸಹೋದರಿ, ನಿಮ್ಮ ಮೂರು ಪ್ರಶ್ನೆಗೂ ನನ್ನದು ಹೌದು. ನಾಲ್ಕನೆಯದಕ್ಕೆ ಇಲ್ಲ.

ರಾತ್ರಿಪಾಳಿ
ಡಿಸೆಂಬರ್ 17, ನಸುಕು 4.31

ನಾನು ಎದ್ದಿದ್ದೇನೆ, ಪಾಳಿಯಲ್ಲಿದ್ದೇನೆ. ಒಳ್ಳೆಯದಾಯಿತು ಹೇಳಿದಿರಿ. ಪ್ರಾರ್ಥನೆ ಬಿಡಬೇಡಿ, ಅದು ನಿಮ್ಮನ್ನು ಎರಡು ವರ್ಷ ಹಿಡಿದು ನಿಲ್ಲಿಸಿದೆ. ಆದರೆ ಬೆಳಗಾದ ಮೇಲೆ ವೈದ್ಯರನ್ನು ನೋಡಬೇಕು. ಜಿಲ್ಲಾ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಬನ್ನಿ, ಚೀಟಿ ಮಾಡಿಸುವಾಗ ಮನೋವೈದ್ಯರು ಎಂದು ಹೇಳಿ. ಅಲ್ಲಿಯವರೆಗೆ ಮಾತನಾಡಬೇಕೆನಿಸಿದರೆ 14416 ಈಗಲೂ ಎತ್ತುತ್ತಾರೆ. ಖಾಸಗಿ ಸಂದೇಶ ಕಳುಹಿಸಿದ್ದೇನೆ, ನೋಡಿ.

ದುರ್ಗದ ಮೇಷ್ಟ್ರು
ಡಿಸೆಂಬರ್ 17, ಬೆಳಿಗ್ಗೆ 6.05

ಜೀವಜಲ ಅವರೇ, 5ನೇ ತಾರೀಖು ಬಾರುಕೋಲು ಎಂದು ಬರೆದವನು ನಾನು. ಬೆನ್ನು ಯಾರದ್ದೆಂದು ನೋಡದೆ ಬರೆದೆ. ಕ್ಷಮಿಸಿ. ದಾವಣಗೆರೆಗೆ ಬಸ್ಸಿನಲ್ಲಿ ಹೆಚ್ಚು ಹೊತ್ತೇನಲ್ಲ. ಆಸ್ಪತ್ರೆಗೆ ಜೊತೆ ಬೇಕಿದ್ದರೆ ಹೇಳಿ, ನಿವೃತ್ತನಿಗೆ ಕೆಲಸವಿಲ್ಲ.

ವಿನೋಬನಗರದವನು
ಡಿಸೆಂಬರ್ 19, ಬೆಳಿಗ್ಗೆ 11.00

ನಿನ್ನೆ ಬಂದಿದ್ದರು. ವರಾಂಡದ ದೀಪ ಹೊತ್ತಿಸಿ ಒಳಗೆ ಕತ್ತಲಲ್ಲಿ ಕುಳಿತಿದ್ದೆ. ಡೋಲು ತಿರುವಿನಲ್ಲಿ ನಿಂತದ್ದು ಕೇಳಿಸಿತು. ಹಾಡಿದರು. ಬಾಗಿಲು ತೆರೆಯಲಿಲ್ಲ. ಮೊಮ್ಮಗಳು ಕಿಟಕಿಯ ಪರದೆ ಸರಿಸಿ ನೋಡಿ, ಅಜ್ಜಾ, ಸಾಂತಾ ಗೇಟಿನ ಹೊರಗೆ ಟೋಪಿ ತೆಗೆದು ನಿಂತಿದ್ದಾನೆ ಎಂದಳು. ಹೋದ ಮೇಲೆ ಕಾಫಿ ಕೊಡಬೇಕಿತ್ತು ಎನ್ನಿಸಿತು. ಮುಂದಿನ ವರ್ಷ ಕೊಡುತ್ತೇನೆ, ಡೋಲಕ್.

ರಾಗಿ ಮೊಮ್ಮಗಳೇ ಬಿತ್ತಿದಳು, 14ಕ್ಕೆ. ಎರಡು ದಿನ ತಡ. ಅಜ್ಜಿಯ ಹಾಗೆ ಕತ್ತಲಲ್ಲಿ ಇಡಬೇಕೆಂದು ಯಾರೂ ಹೇಳಿರಲಿಲ್ಲ, ನೇರ ಕಿಟಕಿಗೇ ಇಟ್ಟಿದ್ದಾಳೆ. ಒಂದೊಂದೇ ಏಳುತ್ತಿವೆ.

ಹೊಲಿಗೆಯವಳು, ನಿಟುವಳ್ಳಿ
ಡಿಸೆಂಬರ್ 28, ಸಂಜೆ 5.20

24ರ ಮಧ್ಯಾಹ್ನ ಎರಡು ತಾಸು ಮಲಗಿದೆ. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಆ ದಿನ ಹಗಲು ಮಲಗಿದ್ದು ಇದೇ ಮೊದಲು. ರಾತ್ರಿ ಪ್ರಬೋಧನೆಯಲ್ಲಿ ಈ ಸಲವೂ ತೂಕಡಿಸಿದೆ, ಸುಳ್ಳು ಹೇಳುವುದಿಲ್ಲ. ಆದರೆ ಶುಭಸಂದೇಶವನ್ನು ಪೂರ್ತಿ ಕೇಳಿದೆ. ಮರಿಯಮ್ಮ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿದಳು ಎಂದು ಲೂಕ ಬರೆದಿದ್ದಾನೆ. ಇಷ್ಟು ವರ್ಷ ಕೇಳಿದ್ದೇನೆ, ದರ್ಜಿಯಾಗಿ ಕೇಳಿರಲಿಲ್ಲ. ಸುತ್ತಿದಳು. ಅಳತೆ ಇಲ್ಲ, ಗುಂಡಿ ಇಲ್ಲ, ಒಂದು ಹೊಲಿಗೆಯೂ ಇಲ್ಲ. ಮಗಳ ಕಿವಿಯಲ್ಲಿ ಹೇಳಿದರೆ, ಅಮ್ಮಾ ಇಲ್ಲಿಯೂ ಹೊಲಿಗೆಯೇ ಎಂದು ಬೈದಳು.

ಎಲ್ಲವೂ ಸರಿಹೋಯಿತು ಎಂದುಕೊಳ್ಳಬೇಡಿ. 26ರ ಬೆಳಿಗ್ಗೆ ಮೂಲೆಮನೆಯ ಅಜ್ಜಿ ಗೇಟಿನಲ್ಲಿ ನಿಂತು, ಈ ವರ್ಷ ನಮ್ಮನ್ನು ಮರೆತೆಯಾ ಎಂದು ಕೇಳಿದರು. ನಮ್ಮ ಹಬ್ಬ 6ರವರೆಗೆ ಇದೆ ಅಜ್ಜೀ ಎಂದೆ. ನನಗೆ ಗೊತ್ತಿಲ್ಲವೇ ನಿಮ್ಮ ಹಬ್ಬ, ನಿಮ್ಮ ಅತ್ತೆ ಇದ್ದಾಗ ಬೆಳಿಗ್ಗೆ ಎಂಟಕ್ಕೆ ತಟ್ಟೆ ಬರುತ್ತಿತ್ತು ಎಂದರು. ಒಳಗೆ ಬಂದು ಹತ್ತು ನಿಮಿಷ ಸುಮ್ಮನೆ ಕುಳಿತೆ. ಆಮೇಲೆ ಎರಡರ ಬದಲು ಆರು ಹಾಕಿ ಕೊಟ್ಟು ಬಂದೆ. ಇವತ್ತಿಗೆ ಇಪ್ಪತ್ತು ಮನೆ ಮುಗಿದಿವೆ.

ಲೆಕ್ಕದ ಹುಡುಗ, ಮಂಡಿಪೇಟೆ
ಡಿಸೆಂಬರ್ 28, ರಾತ್ರಿ 9.50

ಮೇಷ್ಟ್ರೇ, ದೋಸೆ ಒಯ್ದಿದ್ದೆ. ಅಕ್ಕ ಚಟ್ನಿ ಕಡಿಮೆ ಎಂದು ಬೈದಳು. ಬೈದಳಲ್ಲ, ಸಾಕು. ಅಪ್ಪ ನನ್ನ ಮದುವೆಗೆ ಹೊಲಿಸಿದ್ದ ಅಂಗಿ ಹಾಕಿಕೊಂಡರು. ಜೀವಜಲ ಅಣ್ಣಾ, ಹೇಗಿದ್ದೀರಿ?

ಜೀವಜಲ
ಡಿಸೆಂಬರ್ 29, ಬೆಳಿಗ್ಗೆ 7.30

ಮಾತ್ರೆ ಶುರುವಾಗಿದೆ. ಕೆಲಸ ಮಾಡಲು ಕೆಲವು ವಾರ ಬೇಕು ಎಂದಿದ್ದಾರೆ. ಇವತ್ತು ಎಚ್ಚರವಾದದ್ದು ಐದಕ್ಕೆ. ಮೇಷ್ಟ್ರು ಜೊತೆಗೆ ಬಂದಿದ್ದರು. ಸರದಿಯಲ್ಲಿ ಕುಳಿತಷ್ಟು ಹೊತ್ತೂ ಕೋಟೆಯ ಏಳು ಸುತ್ತಿನ ಕಥೆ ಹೇಳಿದರು. ಐದನೆಯ ಸುತ್ತಿನಲ್ಲಿ ನನ್ನ ಸಂಖ್ಯೆ ಕೂಗಿದರು.

ವಿನೋಬನಗರದವನು
ಡಿಸೆಂಬರ್ 30, ಬೆಳಿಗ್ಗೆ 10.15

ಒಂದು ಪ್ರಶ್ನೆ. ರಾಗಿ ತಡವಾಗಿ ಬಂದದ್ದು ಈಗ ಚೆನ್ನಾಗಿ ಬೆಳೆದಿದೆ, ಎಲ್ಲವೂ ಕಿಟಕಿಯ ಕಡೆಗೇ ಬಾಗಿದೆ. ಗೋದಲಿ ಬಿಚ್ಚುವಾಗ ಇದನ್ನು ಏನು ಮಾಡುತ್ತಾರೆ? ಅವಳು ಏನು ಮಾಡುತ್ತಿದ್ದಳೆಂದು ನಾನು ಒಮ್ಮೆಯೂ ನೋಡಿಲ್ಲ. ಎಸೆಯಲು ಮೊಮ್ಮಗಳು ಬಿಡುವುದಿಲ್ಲ.

ಉಪದೇಶಿ, ಹರಿಹರ
ಡಿಸೆಂಬರ್ 30, ಬೆಳಿಗ್ಗೆ 10.40

6ರವರೆಗೆ ಗೋದಲಿ ಇರಲಿ, ನೀರು ಹಾಕುತ್ತಿರಿ. ಆಮೇಲೆ ನಮ್ಮ ಮನೆಯಲ್ಲಿ ಆಡಿಗೆ ಹಾಕುತ್ತೇವೆ. ನಿಮ್ಮ ಬೀದಿಯಲ್ಲಿ ಆಡು ಇಲ್ಲದಿದ್ದರೆ ಹಿತ್ತಲಲ್ಲಿ ನೆಡಲು ಮಗುವಿಗೆ ಹೇಳಿ. ಚಿಪ್ಪುಗಳನ್ನು ಮಾತ್ರ ತೊಳೆದು ಒಂದರೊಳಗೊಂದು ಜೋಡಿಸಿ ಇಡಿ.